ಎರಡು ಬಣ್ಣದ ಕೈಗಳು

ಹೋಟೆಲಿಗೆ ಬಣ್ಣ ಹೊಡೆಸಿ ಬಹಳ ವರ್ಷವಾಗಿತ್ತು. ದೀಪಾವಳಿಗೆ ಮುಂಚೆ ಮುಗಿಸಿಬಿಡೋಣ ಅಂತ ಹೋದ ವಾರ ಬಾಗಿಲು ಹಾಕಿ, ಮೇಜು ಕುರ್ಚಿಗಳನ್ನೆಲ್ಲ ಒಂದು ಮೂಲೆಗೆ ಒಟ್ಟಿ, ಜಾಗವನ್ನು ಬಣ್ಣದವರಿಗೆ ಬಿಟ್ಟುಕೊಟ್ಟೆ. ಗಲ್ಲಾದ ಹಿಂದಿನ ಗೋಡೆಯಲ್ಲಿದ್ದ ಕೃಷ್ಣನ ಪಟವನ್ನು ಅವರಲ್ಲೊಬ್ಬ ಏಣಿ ಹತ್ತಿ ಇಳಿಸುವಾಗ ಅದರ ಹಿಂದಿನಿಂದ ಏನೋ ಸಣ್ಣದು ಟಕ್ಕಂತ ನೆಲಕ್ಕೆ ಬಿತ್ತು. ಅವನು ಇಳಿದು ಬಂದು ಅದನ್ನು ಹೆಕ್ಕಿ, ತಿರುಗಿಸಿ ತಿರುಗಿಸಿ ನೋಡಿ, “ಅಂಕಲ್‌ಜೀ, ಯೇ ಕೌನ್ ಸೀ ಕೀಲ್ ಹೈ? ಲಕಡೀ ಕೀ?” ಎಂದ.

ಹೌದು, ಮರದ ಮೊಳೆಯೇ. ಕಿರುಬೆರಳಿನಷ್ಟು ಉದ್ದ. ಒಂದು ತುದಿ ಚೂಪು, ಇನ್ನೊಂದು ತುದಿ ಪುಟ್ಟ ಬಟ್ಟಲಿನ ಹಾಗೆ. ಒಂದು ಕಾಲದಲ್ಲಿ ಬಿಳಿ ಬಣ್ಣವಿತ್ತು. ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಕೂತು ಕೂತು ಈಗ ಜೇನಿನ ಬಣ್ಣಕ್ಕೆ ತಿರುಗಿತ್ತು. ಗಾಲ್ಫಿನಲ್ಲಿ ಮೊದಲ ಹೊಡೆತಕ್ಕೆ ಚೆಂಡನ್ನು ನೆಲದಿಂದ ತುಸು ಎತ್ತಿ ಕೂರಿಸಲು ಇದನ್ನು ಹುಲ್ಲಿನಲ್ಲಿ ಊರುತ್ತಾರೆ. ಟೀ ಅಂತಾರೆ. ಹೋಟೆಲಿನವರ ಮನೆಯಲ್ಲಿ ಆ ಹೆಸರು ಎಷ್ಟು ತಮಾಷೆಗೆ ಒದಗಿತ್ತೋ ನಾನು ಬರೆಯಬೇಕಿಲ್ಲ. ಮೂಗಿನ ಹತ್ತಿರ ಹಿಡಿದೆ. ಇಂಗಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಬೆಳಗಿನ ಒದ್ದೆ ಹುಲ್ಲು ಮೆಟ್ಟಿಕೊಂಡು ಬಂದ ಒಂದು ಜೊತೆ ಬೂಟು ನೆನಪಾಯಿತು...

ಅದನ್ನು ಅಲ್ಲಿ ಸಿಕ್ಕಿಸಿದವರು ಗಾಲ್ಫಿನವರು. ನಮ್ಮ ಮನೆಯಲ್ಲಿ ಅವರಿಗೆ ಅದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಒಂದೆರಡು ಸಲ ಪೇಪರಿನಲ್ಲೂ ಬಂದಿತ್ತು. ಅದನ್ನು ನಾವು ಹೆಚ್ಚು ಬಳಸಿದವರಲ್ಲ.

ನಮ್ಮ ಹೋಟೆಲು ಇರುವುದು ದಿಲ್ಲಿಯ ಪಕ್ಕದ ನೋಯ್ಡಾದಲ್ಲಿ, ಗಾಲ್ಫ್ ಮೈದಾನದಿಂದ ಆಟೋದಲ್ಲಿ ಹೋದರೆ ಒಂದು ಹಾಡು ಮುಗಿಯುವಷ್ಟು ದೂರ. ಅವರು ಮೊದಲು ಬಂದದ್ದು ಒಂದು ಚಳಿಗಾಲದ ಬೆಳಗ್ಗೆ, ಅಭ್ಯಾಸ ಮುಗಿಸಿಕೊಂಡು. ಟೋಪಿ, ಬೆನ್ನಿಗೆ ಉದ್ದನೆಯ ಚೀಲ, ಬೂಟಿನ ತುಂಬ ಹುಲ್ಲಿನ ಚೂರು. ಬೋರ್ಡಿನ ಮೇಲೆ ಕನ್ನಡ ನೋಡಿ ಒಳಗೆ ಬಂದರಂತೆ. ನಮ್ಮಮ್ಮ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ ಹೋದ ಮೇಲೆ ಆ ಕುರ್ಚಿ ಅವಳದೇ. ಯಾರು ಏನು ತಿಂದರು, ಯಾರು ಏನು ಬಿಟ್ಟರು ಎಲ್ಲ ಅವಳಿಗೆ ಬೇಕು. ಅವರು ತಟ್ಟೆಗೆ ಕೈ ಹಾಕಿದಾಗ ಅವಳು ನನ್ನನ್ನು ಕರೆದು ಮೆಲ್ಲಗೆ, “ಆ ಮನುಷ್ಯನ ಎಡಗೈ ನೋಡು ಮಾರಾಯ. ತೊನ್ನೋ ಏನೋ” ಎಂದಳು.

ಮೆಲ್ಲಗೆ ಅಂದುಕೊಂಡದ್ದು ಅವಳು ಮಾತ್ರ. ಅವರಿಗೆ ಕೇಳಿಸಿತು. ಎರಡೂ ಕೈಯನ್ನು ಜೋಡಿಸಿ ಎತ್ತಿ ತೋರಿಸಿದರು. ಬಲಗೈ ಬಿಸಿಲಿಗೆ ಸುಟ್ಟು ಕಾಫಿ ಡಿಕಾಕ್ಷನ್ನಿನ ಬಣ್ಣ. ಎಡಗೈ ಮಣಿಕಟ್ಟಿನಿಂದ ಮುಂದಕ್ಕೆ ಮಾತ್ರ ಬಿಳಿ, ಎಳೆಮಗುವಿನ ಕೈಯಷ್ಟು ಬಿಳಿ. “ತೊನ್ನಲ್ಲಮ್ಮ. ಗ್ಲೌಸು. ಒಂದೇ ಕೈಗೆ ಹಾಕ್ಕೊಳ್ಳೋದು ನಾವು. ಹುಡುಗನಾಗಿದ್ದಾಗಿಂದ ಹಾಕಿ ಹಾಕಿ ಹಿಂಗಾಗಿದೆ.”

ಅಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಅವಳಿಗೆ ಗೊತ್ತಿದ್ದ ಪರಿಹಾರ ಒಂದೇ. “ಅವರಿಗೆ ಇನ್ನೊಂದು ಇಡ್ಲಿ ಹಾಕು, ಸಾಂಬಾರು ಹಾಕು” ಎಂದಳು. ಅವರು ಸಾಕು ಅಂತ ತಟ್ಟೆಗೆ ಕೈ ಅಡ್ಡ ಇಟ್ಟರು. ನಾನು ಬೆರಳಿನ ಮೇಲೆಯೇ ಹೊಯ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ, ಅಂದರೆ ಉಡುಪಿಯ ಸುತ್ತಮುತ್ತ, ಪಂಕ್ತಿಯಲ್ಲಿ ಕೂತವನು ಸಾಕು ಅಂದರೆ ಅದು ಸಾಕು ಅಂತಲ್ಲ. ಅವನು ಎಲೆಯ ಮೇಲೆ ಬಾಗಿ ಎರಡೂ ಕೈ ಹರಡಬೇಕು, ಬಡಿಸುವವನು ಎಲ್ಲಾದರೂ ಸಂದು ಹುಡುಕಿ ಒಂದು ಸೌಟು ಇಳಿಸಬೇಕು. ಬೆರಳ ಸಂದಿಯಲ್ಲಿ ಪಾಯಸ ಇಳಿಸುವುದರಲ್ಲಿ ನಮ್ಮಪ್ಪನದು ಹೆಸರಾದ ಕೈ. ನಾನು ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲೇ. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಹಿಂದಿ. ಕನ್ನಡ ಕಲಿತದ್ದು ಅಮ್ಮನಿಂದ ಮತ್ತು ಅಡುಗೆಮನೆಯ ಭಟ್ಟರುಗಳಿಂದ. ಬಡಿಸುವುದನ್ನು ಕಲಿತದ್ದು ಅಪ್ಪನಿಂದ. ಉಪಚಾರ ಅಂದರೆ ಅಷ್ಟೇ ಅಂದುಕೊಂಡಿದ್ದೆ. ಅವರು ಸಾಂಬಾರಾದ ಬೆರಳು ನೆಕ್ಕಿಕೊಂಡು ನಕ್ಕರು. ಮಾರನೆಯ ದಿನವೂ ಬಂದರು.

ಅವರ ಊರು ಕೋಲಾರದ ಚಿನ್ನದ ಗಣಿ. ಅಪ್ಪ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಬ್ರಿಟಿಷ್ ದೊರೆಗಳ ಕಾಲದಲ್ಲಿ ಮಾಡಿದ್ದ ಒಂದು ಗಾಲ್ಫ್ ಮೈದಾನ ಅಲ್ಲಿತ್ತಂತೆ, ಇವರು ಚಿಕ್ಕವರಿದ್ದಾಗ ಅಲ್ಲೇ ದೊಡ್ಡವರ ಚೀಲ ಹೊತ್ತು ಆಟ ಕಲಿತರು. ನೀರಿಗೇ ತತ್ವಾರವಿರುವ ಊರಿನಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಚೆಂಡು ಬೀಳಬೇಕಾದ ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಕಲೆಸಿದ ಮರಳು. ಚೆಂಡನ್ನು ಕುಳಿಗೆ ಉರುಳಿಸುವ ಮೊದಲು ಆ ಮರಳನ್ನು ಒಂದು ಹಲಗೆಯಿಂದ ಎಳೆದು ದಾರಿ ಸಮ ಮಾಡಿಕೊಳ್ಳಬಹುದು, ಅಲ್ಲಿ ಅದಕ್ಕೆ ಒಪ್ಪಿಗೆಯಿತ್ತು. ಸಮ ಮಾಡಿದ ದಾರಿಯಲ್ಲಿ ಚೆಂಡು ನೆಟ್ಟಗೆ ಹೋಗುತ್ತದೆ. “ಹುಲ್ಲಿನ ಮೇಲೆ ಹಂಗಲ್ಲ ಅಣ್ಣ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ವಾಲಿರುತ್ತೆ. ಸಮ ಮಾಡ್ಕೊಳ್ಳೋ ಹಂಗಿಲ್ಲ. ಹೆಂಗಿದೆಯೋ ಹಂಗೇ ಆಡ್ಬೇಕು” ಅನ್ನುತ್ತಿದ್ದರು. ಆ ಅಭ್ಯಾಸ ಮಾತ್ರ ಅವರ ಅಂಗೈಯಲ್ಲಿ ಉಳಿದುಬಿಟ್ಟಿತ್ತು. ಮುಖ್ಯವಾದ ಮಾತು ಏನಾದರೂ ಆಡುವುದಿದ್ದರೆ, ಮೊದಲು ಎದುರಿಗಿನ ಮೇಜನ್ನು ಒಮ್ಮೆ ಅಂಗೈಯಿಂದ ಸವರಿ ಸಮ ಮಾಡುತ್ತಿದ್ದರು.

ಅವರ ಏಳಿಗೆಯ ಕಾಲವನ್ನು ನಾವು ನೋಡಿದವರಲ್ಲ. ಒಂದು ವರ್ಷ ಒಂದರ ಹಿಂದೊಂದು ಗೆದ್ದಿದ್ದರಂತೆ. ಆ ಬಲದ ಮೇಲೆ ಪರದೇಶಗಳಿಗೂ ಹೋಗಿ ಆಡಿದ್ದರು. ಅಲ್ಲಿಯ ಹೋಟೆಲುಗಳಲ್ಲಿ ಅನ್ನ ಸಿಗುತ್ತಿತ್ತು, ಸಾರು ಸಿಗುತ್ತಿರಲಿಲ್ಲ ಅನ್ನುವುದು ಬಿಟ್ಟು ಆ ಬಗ್ಗೆ ಹೆಚ್ಚು ಹೇಳಲಿಲ್ಲ. ಆಮೇಲೆ ಗೆಲುವು ನಿಂತಿತು, ನಂತರ ಹೆಸರು ಪಟ್ಟಿಯ ಕೆಳಕ್ಕೆ ಸರಿಯಿತು. ಮದುವೆಯಾಗಿರಲಿಲ್ಲ. ಮೈದಾನಗಳು ಹೆಚ್ಚು ಅಂತ ದಿಲ್ಲಿಯ ಕಡೆ ಬಂದು ಒಂದು ಕೋಣೆ ಹಿಡಿದಿದ್ದರು.

ಅಮ್ಮ ಒಮ್ಮೆ ನೇರವಾಗಿ ಕೇಳಿಬಿಟ್ಟಳು. ಅಷ್ಟರಲ್ಲಿ ಅವರು ಅವಳ ಬಾಯಲ್ಲಿ ‘ಮಗಾ’ ಆಗಿದ್ದರು. “ಅಷ್ಟು ಮೇಲೆ ಇದ್ದವನು ಹೇಗೆ ಬಿದ್ದೆ ಮಗಾ?”

“ಬೀಳಲಿಲ್ಲಮ್ಮ, ಇಳಿದೆ. ಬಿದ್ದಿದ್ರೆ ಗೊತ್ತಾಗ್ತಿತ್ತು.”

ಕಾರಣ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಬಲಗೈ. ದೂರದ ಹೊಡೆತಕ್ಕೆ ಏನೂ ತೊಂದರೆಯಿಲ್ಲ. ಆದರೆ ಚೆಂಡು ಕುಳಿಯ ಹತ್ತಿರ ಬಂದು, ಇನ್ನೇನು ಮಗು ಕೂಡ ತಳ್ಳಿಬಿಡಬಹುದು ಅನ್ನುವಷ್ಟು ಸಮೀಪದಲ್ಲಿ ನಿಂತಾಗ, ಆ ಮುಂಗೈ ತಾನಾಗಿಯೇ ಒಮ್ಮೆ ಹಾರುತ್ತಿತ್ತು. ಬಿಕ್ಕಳಿಕೆ ಬಂದ ಹಾಗೆ. ಬಿಕ್ಕಳಿಕೆಗೆ ನೀರು ಕುಡಿಯಬಹುದು. ಇದಕ್ಕೆ ಅವರು ಡಾಕ್ಟರನ್ನೂ ನೋಡಿದ್ದರು, ಕೋಲುಗಳನ್ನೂ ಬದಲಾಯಿಸಿದ್ದರು. ಮನೆಯಲ್ಲಿ ನೆಲದ ಮೇಲೆ ಆಡಿದರೆ ಕೈ ಸುಮ್ಮನಿರುತ್ತದೆ. ನಾಲ್ಕು ಜನ ನೋಡುವಲ್ಲಿ ಹಾರುತ್ತದೆ.

ಈ ಹೊತ್ತಿಗೆ ನಮ್ಮ ಭಾವನ ಆಟ ಶುರುವಾಯಿತು. ಭಾವ ಅಂದರೆ ಅಕ್ಕನ ಗಂಡ, ಇಲ್ಲೇ ಒಂದು ಐಟಿ ಕಂಪನಿಯಲ್ಲಿ ಕೆಲಸ. ಭಾನುವಾರ ಬೆಳಗ್ಗೆ ನಮ್ಮ ಹಿಂದಿನ ಸಾಲಿನ ಮೇಜುಗಳನ್ನು ಜೋಡಿಸಿ ಅಕ್ಕ ಭಾವ, ಅವರ ಆಫೀಸಿನ ಕೆಲವು ಕನ್ನಡದ ಹುಡುಗ ಹುಡುಗಿಯರು ತಿಂಡಿಗೆ ಕೂರುವುದು ರೂಢಿ. ಫೋನಿನಲ್ಲಿ ಎಲ್ಲರೂ ಕ್ರಿಕೆಟ್ಟಿನ ಕಲ್ಪನೆಯ ತಂಡ ಕಟ್ಟಿ ಆಡುತ್ತಿದ್ದ ಕಾಲ. ಆಟಗಾರರನ್ನು ನೀವು ಆರಿಸಿಕೊಳ್ಳುವುದು, ಅವರು ನಿಜವಾಗಿ ಮೈದಾನದಲ್ಲಿ ಹೇಗೆ ಆಡುತ್ತಾರೋ ಅದರ ಮೇಲೆ ನಿಮ್ಮ ತಂಡಕ್ಕೆ ಅಂಕ. ನಮ್ಮಲ್ಲೇ ಒಬ್ಬ ಗಾಲ್ಫ್ ಆಟಗಾರ ಇಡ್ಲಿ ತಿನ್ನುತ್ತಿರುವಾಗ ಕ್ರಿಕೆಟ್ ಯಾಕೆ ಅಂತ ಭಾವ ತಾವೇ ಕೂತು ಅವರು ಆಡುವ ಪಂದ್ಯಗಳ ಆಟಗಾರರನ್ನೆಲ್ಲ ಹಾಕಿ ಫೋನಿನಲ್ಲಿ ಆಡುವ ಒಂದು ಆಟ ತಯಾರಿಸಿದರು. ಕೊನೆಗೆ ಬಂದವರು ಮುಂದಿನ ಭಾನುವಾರ ಎಲ್ಲರ ಕಾಫಿ ಲೋಟ ತೊಳೆಯಬೇಕು. ಪಣ ಅಷ್ಟೇ.

ಮೊದಲ ವಾರ ಭಾವನ ತಂಡ ಎಲ್ಲರಿಗಿಂತ ಮೇಲೆ ಬಂತು. ಭಾವ ಮೀಸೆ ತಿರುವುತ್ತ ಫೋನನ್ನು ಗಾಲ್ಫಿನವರ ಕೈಗೆ ಕೊಟ್ಟರು. ಅವರು ನೋಡಿ, “ಭಾವ, ಗಾಲ್ಫಿನಲ್ಲಿ ಕಡಿಮೆ ಹೊಡೆದವನು ಗೆದ್ದ ಹಾಗೆ. ನೀವು ಊರಲ್ಲಿರೋ ಕಡುದಡ್ಡರನ್ನೆಲ್ಲ ಆರಿಸ್ಕೊಂಡಿದ್ದೀರಿ” ಎಂದರು. ಆ ದಿನ ಲೋಟ ತೊಳೆದವರು ಭಾವ.

ಆಮೇಲೆ ಪ್ರತಿ ವಾರ ಗಾಲ್ಫಿನವರೇ ನಮಗೆ ಗುರು. ಯಾರ ಭವಿಷ್ಯ ಹೇಗಿದೆ ಅಂತ ಅವರು ಹೇಳುವುದನ್ನು ಕೇಳಬೇಕಿತ್ತು. ಹೊಗಳಿಕೆಯಿಲ್ಲ, ಕೊಂಕಿಲ್ಲ, ತರಕಾರಿ ಆರಿಸುವವರ ದನಿ.

“ಇವನನ್ನು ತಗೊಳ್ಳಿ. ಗಾಳಿ ಇದ್ರೆ ಚೆಂಡು ತಗ್ಗಿನಲ್ಲಿ ಹೊಡೀತಾನೆ.”

“ಇವನು?” ಭಾವ ಕೇಳುವರು.

“ಬೇಡ. ಮನೇಲಿ ಮಗು ಹುಟ್ಟಿದೆ, ನಿದ್ದೆ ಇಲ್ಲ.”

ನನ್ನ ಮಗಳು ಆಗ ಶಾಲೆಯಲ್ಲಿದ್ದಳು. ಅಜ್ಜಿಯ ತಂಡವನ್ನು ನಡೆಸುವವಳೂ ಅವಳೇ. ಅಜ್ಜಿ ಹೇಳುವಳು, ಇವಳು ಬೆರಳು ಒತ್ತುವಳು. ಒಂದು ವಾರ ಮಗಳು ಪಟ್ಟಿಯ ತುದಿಯಲ್ಲಿದ್ದ ಗಾಲ್ಫಿನವರ ಹೆಸರನ್ನೇ ತೋರಿಸಿ, “ಔರ್ ಯೇ? ಇವರು ಹೇಗೆ ಅಂಕಲ್?” ಎಂದಳು.

ಹೆಸರಿನ ಕೆಳಗೆ ಭಾವನ ಕಂಪ್ಯೂಟರು ಒಂದು ಸಾಲು ಬರೆದಿತ್ತು. ಹಳೆಯ ಅಂಕಗಳನ್ನು ನೋಡಿ ಅದೇ ಬರೆದುಕೊಳ್ಳುವ ಹಾಗೆ ಭಾವ ಮಾಡಿದ್ದರು. ಅನುಭವಿ, ಹತ್ತಿರದ ಹೊಡೆತಗಳಲ್ಲಿ ನಂಬುವಂತಿಲ್ಲ, ತಂಡದಲ್ಲಿ ಜಾಗ ಉಳಿದರೆ ಹಾಕಿಕೊಳ್ಳಬಹುದು. ಭಾವ ಮುಖ ಕೆಂಪಗೆ ಮಾಡಿಕೊಂಡು, “ಅದು ನಾನು ಬರೆದದ್ದಲ್ಲ ಮಾರಾಯ್ರೆ...” ಅಂತ ಶುರುಮಾಡಿದರು. ಗಾಲ್ಫಿನವರು ಪೂರ್ತಿ ಓದಿ, ಬೇರೆಯವರ ಬಗ್ಗೆ ಹೇಳಿದ ಅದೇ ದನಿಯಲ್ಲಿ, “ಸರಿಯಾಗೇ ಬರೆದಿದೆ. ಇವನು ಈ ವರ್ಷ ಬೇಡ ಪುಟ್ಟಿ. ಬಿಟ್ಬಿಡು” ಎಂದರು.

ಎದುರಿಗೆ ಕೂತು ಇಡ್ಲಿ ತಿನ್ನುತ್ತಿರುವ ಮನುಷ್ಯನನ್ನು ಹೇಗೆ ಬಿಡುವುದು? ಅವರ ಕಣ್ಣೆದುರೇ ಎಲ್ಲರೂ ಅವರ ಹೆಸರನ್ನು ಒತ್ತಿದೆವು. ಅಲ್ಲಿಂದ ಮುಂದೆ ಪ್ರತಿ ವಾರ ಅವರು ಎಲ್ಲರ ತಂಡದಲ್ಲೂ ಇದ್ದರು. ಅವರಿಲ್ಲದಾಗ ಭಾವ ಲೆಕ್ಕ ಹೇಳಿದರು: “ಎಲ್ಲರ ಎಲೆಗೂ ಹಾಗಲಕಾಯಿ ಬಿದ್ದರೆ ಯಾರಿಗೂ ನಷ್ಟವಿಲ್ಲವಲ್ಲ.” ದಾಕ್ಷಿಣ್ಯ ಅನ್ನುವ ಪದಕ್ಕೆ ನನ್ನ ಮಗಳು ಅರ್ಥ ಕೇಳಿದ್ದು ಆಗಲೇ ಇರಬೇಕು. ಹಿಂದಿಯಲ್ಲಿ ಹೇಳಲು ನನಗೆ ಬರಲಿಲ್ಲ.

ಆ ಆಟದಲ್ಲಿ ಯಾರ ತಂಡವನ್ನು ಯಾರು ಬೇಕಾದರೂ ನೋಡಬಹುದಿತ್ತು. ಅವರೂ ನೋಡುತ್ತಿದ್ದರು. ಕೆಲವು ವಾರ ಮೊದಲ ಎರಡು ದಿನದಲ್ಲೇ ಅವರ ಆಟ ಮುಗಿಯುತ್ತಿತ್ತು. ನಾಲ್ಕು ದಿನದ ಪಂದ್ಯದಲ್ಲಿ ಎರಡು ದಿನ ಕಳೆದ ಮೇಲೆ ಹಿಂದೆ ಉಳಿದ ಅರ್ಧ ಜನರನ್ನು ಮನೆಗೆ ಕಳಿಸುವುದು ಅವರ ಕ್ರಮ. ಅಂಥ ಶನಿವಾರ ಅವರು ಹೋಟೆಲಿಗೆ ಬಂದರೆ ನಾವು ಎರಡು ಪಟ್ಟು ಉಪಚಾರ ಮಾಡುತ್ತಿದ್ದೆವು. ಯಾರೂ ಆಟದ ಮಾತು ಎತ್ತುತ್ತಿರಲಿಲ್ಲ. ಅವರು ತಿಂದು, ಮೇಜು ಸವರಿ, ಏನೂ ಹೇಳದೆ ಎದ್ದು ಹೋಗುತ್ತಿದ್ದರು...

ವರ್ಷದ ಕೊನೆ ಬಂತು. ಗಾಲ್ಫ್ ಆಟಗಾರರಿಗೆಲ್ಲ ಕಾರ್ಡು ಅಂತ ಒಂದು ಇರುತ್ತದೆ. ವರ್ಷದ ಪಟ್ಟಿಯಲ್ಲಿ ಒಂದು ಗೆರೆ ಎಳೆದು, ಗೆರೆಯ ಮೇಲಿದ್ದವರಿಗೆ ಮುಂದಿನ ವರ್ಷ ಆಡಲು ಕಾರ್ಡು. ಕೆಳಗಿದ್ದವರು ಮತ್ತೆ ಹೊಸ ಹುಡುಗರ ಜೊತೆ ಪರೀಕ್ಷೆಯ ಪಂದ್ಯ ಆಡಿ ಬರಬೇಕು. ಅಮ್ಮ ಅದನ್ನು ರೇಷನ್ ಕಾರ್ಡಿನಂತೆಯೇ ತಿಳಿದಿದ್ದಳು, ಅದೇನು ದೊಡ್ಡ ತಪ್ಪೂ ಆಗಿರಲಿಲ್ಲ. ಅವರು ಗೆರೆಯ ತುಸು ಕೆಳಗಿದ್ದರು. ಕೊನೆಯ ಪಂದ್ಯ ನಮ್ಮ ನೋಯ್ಡಾದಲ್ಲೇ. ಅಲ್ಲಿ ಚೆನ್ನಾಗಿ ಆಡಿದರೆ ಕಾರ್ಡು ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ.

ಆ ವಾರದ ಮೊದಲಲ್ಲಿ ಒಂದು ಬೆಳಗ್ಗೆ, ಜನ ಕಡಿಮೆಯಿದ್ದ ಹೊತ್ತಿನಲ್ಲಿ, ಅವರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಬಿಳಿಯ ಕೈಯಿಂದ ಮೇಜು ಸವರಿದರು.

“ಅಣ್ಣ, ಈ ವಾರ ನನ್ನನ್ನು ಯಾರೂ ತಂಡಕ್ಕೆ ಹಾಕ್ಕೋಬೇಡಿ. ಎಲ್ರಿಗೂ ಹೇಳಿ.”

“ಯಾಕೆ? ಅದೊಂದು ತಮಾಷೆಯ ಆಟ ಅಲ್ವಾ” ಎಂದೆ.

“ತಮಾಷೆನೇ. ಆದ್ರೆ ಕುಳಿ ಹತ್ರದ ಸಣ್ಣ ಹೊಡೆತಕ್ಕೆ ನಿಂತಾಗ ಚೆಂಡು, ಕುಳಿ, ಎರಡೇ ಕಾಣ್ಬೇಕು. ನನಗೆ ಆ ಹಿಂದಿನ ಮೇಜು ಕಾಣುತ್ತೆ. ಎಲ್ರೂ ಕೂತಿರ್ತೀರಿ. ತಪ್ಪಿದ್ರೆ ಯಾರೂ ಬೈಯಲ್ಲ.” ಮೇಜನ್ನು ಇನ್ನೊಮ್ಮೆ ಸವರಿ, “ಅದೇ ಕಷ್ಟ” ಎಂದರು.

ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ ಆಯಿತು ಅಂದರು. ಆಮೇಲೆ ಯಾರೂ ತೆಗೆಯಲಿಲ್ಲ. ಭಾವನ ವಾದ, “ನಾವು ತೆಗೆದ ವಾರವೇ ಅವರು ಗೆದ್ದರೆ ಯಾವ ಮುಖ ಇಟ್ಟುಕೊಂಡು ಕಾಫಿ ಕೊಡುವುದು?” ಅಕ್ಕನಿಗೆ, ಕಷ್ಟದ ವಾರದಲ್ಲೇ ಕೈ ಬಿಟ್ಟ ಹಾಗಾಗುತ್ತದಲ್ಲ ಅಂತ ಸಂಕಟ. ಆಫೀಸಿನ ಹುಡುಗರು ಹಿರಿಯರನ್ನು ನೋಡಿ ಸುಮ್ಮನಾದರು. ಪಂಕ್ತಿಯಲ್ಲಿ ಕೂತವನನ್ನು ನಡುವೆ ಎಬ್ಬಿಸಬಾರದು ಅಂತ ಕೇಳಿ ಬೆಳೆದವರು ನಾವು. ನನ್ನ ಬೆರಳು ಕೂಡ ಅವರ ಹೆಸರಿನವರೆಗೆ ಹೋಗಿ ವಾಪಸು ಬಂತು.

ಅಮ್ಮ ಗಲ್ಲಾದ ಪಕ್ಕ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಮೊಮ್ಮಗಳನ್ನು ಕರೆದು, “ನನ್ನದರಿಂದ ಅವನನ್ನು ತೆಗಿ” ಎಂದಳು.

“ಅಜ್ಜೀ, ಉನ್‌ಕೋ ಬುರಾ ಲಗೇಗಾ” ಎಂದಳು ಮಗಳು, ಅವರಿಗೆ ಬೇಜಾರಾಗುತ್ತದೆ ಅಂತ.

“ಲಗಿದರೆ ಲಗಲಿ. ಅವನು ಎಲೆಗೆ ಕೈ ಅಡ್ಡ ಇಟ್ಟಾಯ್ತು. ಇವರೆಲ್ಲ ಬೆರಳ ಮೇಲೇ ಹೊಯ್ತಾ ಕೂತಿದ್ದಾರೆ.” ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಅಪ್ಪನೂ ಹಾಗೇ. ಒಬ್ಬನ ಹೊಟ್ಟೆ ಎಷ್ಟು ಅಂತ ಬಡಿಸುವವನಿಗೆ ಗೊತ್ತುಂಟಾ, ಉಣ್ಣುವವನಿಗೆ ಗೊತ್ತುಂಟಾ?” ಎಂದಳು.

ಪಂದ್ಯದ ಮೊದಲ ಬೆಳಗ್ಗೆ ಅವರು ಎಂದಿನಂತೆ ಇಡ್ಲಿಗೆ ಬಂದರು. ತಿನ್ನುತ್ತ ಫೋನು ತೆಗೆದು ಒಂದೊಂದೇ ತಂಡ ನೋಡಿದರು. ನಾನು ಒಳಗೆ ಚಟ್ನಿಯ ನೆಪ ಮಾಡಿಕೊಂಡು ನಿಂತಿದ್ದೆ. ಒಂದರ ಹಿಂದೊಂದರಲ್ಲಿ ಅವರ ಹೆಸರಿತ್ತು. ಒಂದರಲ್ಲಿ ಬೆರಳು ನಿಂತಿತು. ಬಹಳ ಹೊತ್ತು ಅದನ್ನೇ ನೋಡಿ, ತಲೆಯೆತ್ತಿ, “ಅಮ್ಮ... ನೀವೊಬ್ರೇ” ಎಂದರು.

ಅಮ್ಮ ಅವರ ಕಡೆ ನೋಡಲೂ ಇಲ್ಲ. “ನಿನಗಿಂತ ಚೆಂದ ಆಡುವವನು ಸಿಕ್ಕಿದ ಮಗಾ. ನಾನೆಂತ ಮಾಡುವುದು?”

ಅವರು ನಕ್ಕರು. ನಮ್ಮ ಉಪಚಾರಕ್ಕೆ ಯಾವಾಗಲೂ ನಗುತ್ತಿದ್ದ ನಗುವಲ್ಲ. ಹೊಟ್ಟೆಯಿಂದ ಬಂದದ್ದು, ಟೋಪಿ ತೆಗೆದು ಮೇಜಿನ ಮೇಲಿಟ್ಟು ನಕ್ಕದ್ದು. ಅಷ್ಟು ದಿನದಲ್ಲಿ ಅವರ ಹಲ್ಲು ನಾನು ಸರಿಯಾಗಿ ನೋಡಿದ್ದು ಅವತ್ತೇ.

ಎರಡು ದಿನ ದಾಟಿದರು. ಮೂರನೆಯ ದಿನ ಇನ್ನೂ ಚೆನ್ನಾಗಿ ಆಡಿದರು. ಭಾನುವಾರ ಹೋಟೆಲನ್ನು ಭಟ್ಟರಿಗೆ ಒಪ್ಪಿಸಿ ನಾನು, ಅಮ್ಮ, ಮಗಳು ಮೈದಾನಕ್ಕೆ ಹೋದೆವು. ಗಾಲ್ಫ್ ನೋಡಲು ಜನ ನುಗ್ಗುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲಿದ್ದದ್ದು ಆಟಗಾರರ ಮನೆಯವರು, ಚೀಲ ಹೊರುವವರು, ನವಿಲುಗಳು. ಕೊನೆಯ ಕುಳಿಯ ಪಕ್ಕ ಒಂದು ಬೇವಿನ ಮರದ ಕೆಳಗೆ ಯಾರೋ ಅಮ್ಮನಿಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಅವಳು ಫ್ಲಾಸ್ಕಿನಲ್ಲಿ ಕಷಾಯ ತಂದಿದ್ದಳು. ಚಳಿಗಾಲದ ದಿಲ್ಲಿಯ ಬಿಸಿಲು, ದೂರದಲ್ಲಿ ಮಂಜಿನೊಳಗೆ ಅರ್ಧ ಮುಳುಗಿದ ಅಪಾರ್ಟ್‌ಮೆಂಟುಗಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರು ಬಂದರು. ಮೊದಲ ಹೊಡೆತ ನೆಟ್ಟಗೆ, ಎರಡನೆಯದು ಇನ್ನೂ ಚೆಂದ. ಚೆಂಡು ಕುಳಿಯಿಂದ ಒಂದು ಮಾರು ದೂರದಲ್ಲಿ ಬಂದು ನಿಂತಿತು. ಮಗಳು ಫೋನು ನೋಡುತ್ತ ನನ್ನ ಕಿವಿಯಲ್ಲಿ, “ಪಪ್ಪಾ, ಯೇ ಗಯಾ ತೋ ಕಾರ್ಡ್ ಪಕ್ಕಾ” ಎಂದಳು, ಇದು ಒಳಗೆ ಹೋದರೆ ಕಾರ್ಡು ಉಳಿದ ಹಾಗೆ ಅಂತ. ಆ ಒಂದು ಮಾರು. ಮಗು ಕೂಡ ತಳ್ಳಿಬಿಡಬಹುದಾದದ್ದು.

ಅವರು ಗ್ಲೌಸು ಕಳಚಿ ಹಿಂದಿನ ಜೇಬಿಗೆ ಸಿಕ್ಕಿಸಿದರು. ಎರಡು ಬಣ್ಣದ ಕೈಗಳು ಕೋಲು ಹಿಡಿದವು. ತಲೆ ತಗ್ಗಿಸಿದರು. ನಾನು ಬಲಗೈಯನ್ನೇ ನೋಡುತ್ತಿದ್ದೆ. ಅದು ಹಿಂದೆ ಹೋಯಿತು, ಮುಂದೆ ಬಂತು, ಗೋಡೆ ಗಡಿಯಾರದ ಲೋಲಕದಂತೆ. ಹಾರಲಿಲ್ಲ. ಚೆಂಡು ಹೊರಟಿತು, ಕುಳಿಯ ಅಂಚಿಗೆ ಹೋಯಿತು, ಅಂಚನ್ನು ಅರ್ಧ ಸುತ್ತಿತು, ಹೊರಗೆ ಬಂದು ನಿಂತಿತು.

ಅಷ್ಟೇ. ಒಂದು ನವಿಲು ಕೂಗಿತು. ಅವರು ಚೆಂಡನ್ನು ಒಳಗೆ ತಳ್ಳಿ, ಹೆಕ್ಕಿಕೊಂಡು, ಟೋಪಿ ತೆಗೆದು ಜೊತೆಯವರ ಕೈ ಕುಲುಕಿದರು. ಅಂಕದ ಚೀಟಿಗೆ ಸಹಿ ಹಾಕುವ ಕೆಲಸ ಮುಗಿಸಿ ನಮ್ಮಲ್ಲಿಗೆ ಬಂದು ಅಮ್ಮನ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತರು. ಅಮ್ಮ ಫ್ಲಾಸ್ಕಿನ ಮುಚ್ಚಳದಲ್ಲಿ ಕಷಾಯ ಬಗ್ಗಿಸಿ ಕೊಟ್ಟಳು.

“ಹೋಯ್ತಮ್ಮ.”

“ಹೂಂ. ನೋಡಿದೆ.”

“ಕೈ ಸುಮ್ಮನಿತ್ತು.”

“ಅದನ್ನೂ ನೋಡಿದೆ.”

ನನಗೆ ಏನಾದರೂ ಸಮಾಧಾನ ಹೇಳಬೇಕು ಅನ್ನಿಸಿ ಬಾಯಿ ತೆರೆದೆ. ಅಮ್ಮ ಕಣ್ಣಿನಲ್ಲೇ ಬೇಡ ಅಂದಳು. ಅವರು ಕಷಾಯವನ್ನು ಪೂರ್ತಿ ಕುಡಿದರು. ಮುಖ ನೋಡಿದರೆ ಎಷ್ಟೋ ದಿನದ ಮೇಲೆ ಜ್ವರ ಬಿಟ್ಟವರ ಹಾಗಿತ್ತು.

ಆ ವಾರ ಅಮ್ಮ ಅವರ ಬದಲು ಹಾಕಿಕೊಂಡ ಆಟಗಾರ ಎರಡೇ ದಿನಕ್ಕೆ ಮನೆಗೆ ಹೋಗಿದ್ದ. ಅಮ್ಮನ ತಂಡ ಎಲ್ಲರಿಗಿಂತ ಕೊನೆ. ಮುಂದಿನ ಭಾನುವಾರ ಲೋಟ ತೊಳೆಯುವ ಸರದಿ ಅವಳದು. ಭಾವ ಬೇಡವೇ ಬೇಡ ಅಂದರೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಹತ್ತಿರ ನಿಂತಳು. ಗಾಲ್ಫಿನವರು ಅಂಗಿಯ ತೋಳು ಮಡಚಿ ಅವಳ ಪಕ್ಕಕ್ಕೆ ಹೋದರು. ಅವಳು ಉಜ್ಜುವುದು, ಇವರು ತೊಳೆದು ಕವುಚಿ ಇಡುವುದು. ಸೋಪಿನ ನೊರೆಯಲ್ಲಿ ಒಂದು ಕಪ್ಪು ಕೈ, ಒಂದು ಬಿಳಿ ಕೈ.

“ಚೆಂದ ಆಡುವವನು ಅಂದ್ರಲ್ಲಮ್ಮ, ಎಲ್ಲಿ ಅವನು?”

“ನೀನು ಸುಮ್ಮನೆ ತೊಳಿ.”

ಅವರು ಪರೀಕ್ಷೆಯ ಪಂದ್ಯಕ್ಕೆ ಹೋಗಲಿಲ್ಲ. ಹೋಗಿದ್ದರೆ ಏನಾಗುತ್ತಿತ್ತೋ, ಭಾವನ ಕಂಪ್ಯೂಟರಿಗೂ ಗೊತ್ತಿಲ್ಲ. ಬೆಟ್ಟದ ಕಡೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಹಿಡಿದರು. ಹೊರಡುವ ದಿನ ಚೀಲವನ್ನು ಬಾಗಿಲಲ್ಲಿ ಇಟ್ಟು ಒಳಗೆ ಬಂದರು. ನಮ್ಮ ಕೃಷ್ಣನ ಪಟ ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ದಿನಾ ಬೆಳಗ್ಗೆ ಹೂ ಏರಿಸುವಾಗ ಅಮ್ಮ ನೆಟ್ಟಗೆ ಮಾಡುವಳು, ಮಧ್ಯಾಹ್ನದೊಳಗೆ ಅದು ಮತ್ತೆ ವಾಲುವುದು. ಅವರು ಅಷ್ಟು ತಿಂಗಳು ಅದನ್ನು ನೋಡಿಕೊಂಡು ಇಡ್ಲಿ ತಿಂದಿದ್ದರು. ಅವತ್ತು ಕುರ್ಚಿ ಹತ್ತಿ, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿ, ಜೇಬಿನಿಂದ ಒಂದು ಟೀ ತೆಗೆದು ಪಟದ ಕೆಳಮೂಲೆಯ ಹಿಂದೆ ಒತ್ತಿದರು. “ಇನ್ನು ವಾಲಲ್ಲಮ್ಮ” ಎಂದರು.

ವಾಲಲಿಲ್ಲ.

ಮುಂದಿನ ವರ್ಷ ಭಾವ ಆಟ ತೆರೆದಾಗ ಅವರ ಹೆಸರು ಬೂದು ಬಣ್ಣಕ್ಕೆ ತಿರುಗಿತ್ತು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಎಲ್ಲರ ತಂಡದಲ್ಲೂ ಒಂದೊಂದು ಖಾಲಿ ಜಾಗ. ಕೆಲವು ವಾರ ಯಾರೂ ಅದನ್ನು ತುಂಬಲಿಲ್ಲ. ಆಮೇಲೆ ತುಂಬಿದರು. ಆಮೇಲೆ ಆಫೀಸಿನ ಹುಡುಗರು ಊರೂರಿಗೆ ಹೋದರು, ಆಟವೂ ನಿಂತಿತು...

ಅಮ್ಮ ಹೋದಾಗ ಅವರಿಗೆ ತಿಳಿಸಿದವಳು ನನ್ನ ಮಗಳು. ಹದಿಮೂರನೆಯ ದಿನದ ಊಟಕ್ಕೆ ಬೆಳಗಿನ ಬಸ್ಸಿನಲ್ಲಿ ಬಂದಿಳಿದರು. ಹೋಟೆಲಿನ ಮೇಜುಗಳನ್ನೆಲ್ಲ ತೆಗೆಸಿ ನೆಲದ ಮೇಲೆ ಎಲೆ ಹಾಕಿದ್ದೆವು. ಅವರು ಪಂಕ್ತಿಯ ತುದಿಯಲ್ಲಿ ಕೂತರು. ಕೂದಲು ಬೆಳ್ಳಗಾಗಿತ್ತು. ನಾನು ಪಾಯಸ ಬಡಿಸುತ್ತ ಬಂದೆ. ಮೊದಲ ಸಲ ಹಾಕಿಸಿಕೊಂಡರು. ಎರಡನೆಯ ಸಲ ಬಂದಾಗ ಮುಂದಕ್ಕೆ ಬಾಗಿ ಎಲೆಯ ಮೇಲೆ ಎರಡೂ ಕೈ ಹರಡಿದರು.

ಎರಡೂ ಕೈ ಒಂದೇ ಬಣ್ಣಕ್ಕಿದ್ದವು. ಕಾಫಿಯ ಕಪ್ಪು. ಯಾವುದು ಎಡಗೈ ಅಂತ ಬಣ್ಣದಿಂದ ಹೇಳುವ ಹಾಗಿರಲಿಲ್ಲ. ಗ್ಲೌಸು ಬಿಟ್ಟು ಎಷ್ಟು ಕಾಲವಾಗಿತ್ತೋ, ನಾನು ಕೇಳಲಿಲ್ಲ. ಬೆರಳುಗಳ ನಡುವೆ ಬೇಕಾದಷ್ಟು ಸಂದು ಇತ್ತು. ನಮ್ಮಪ್ಪನಾಗಿದ್ದರೆ ಅರ್ಧ ಪಾತ್ರೆ ಇಳಿಸುತ್ತಿದ್ದ. ನನ್ನ ಸೌಟು ಮೇಲೆಯೇ ನಿಂತಿತು. ಅವರು ತಲೆಯೆತ್ತಿ ನೋಡಿದರು. ನಾನು ಸೌಟನ್ನು ಪಾತ್ರೆಗೆ ವಾಪಸು ಹಾಕಿ ಮುಂದಿನ ಎಲೆಗೆ ಹೋದೆ.

ಅದೇ ಕೊನೆ. ಮೊದಮೊದಲು ಹಬ್ಬಕ್ಕೆ ಫೋನು ಬರುತ್ತಿತ್ತು, ಆಮೇಲೆ ಸಂದೇಶ, ಆಮೇಲೆ ಅದೂ ಇಲ್ಲ. ಶಾಲೆಗೆ ವಿಚಾರಿಸಿದರೆ ಬಿಟ್ಟು ಹೋದರು ಅಂದರು. ಎಲ್ಲಿಗೆ ಅಂತ ಅವರಿಗೂ ಗೊತ್ತಿರಲಿಲ್ಲ.

ಮೊನ್ನೆ ಗೋಡೆ ಒಣಗಿದ ಮೇಲೆ ಪಟವನ್ನು ಮತ್ತೆ ಹಾಕಿಸಿದೆ. ಹೊಸ ಬಣ್ಣ, ಹಳೆಯ ಗೋಡೆ; ಕೃಷ್ಣ ಮತ್ತೆ ಎಡಕ್ಕೇ ವಾಲಿದ. ಬಣ್ಣದವನು ಒಳ್ಳೆಯ ಕಬ್ಬಿಣದ ಮೊಳೆ ಹೊಡೆಯುತ್ತೇನೆ ಅಂದ. ಬೇಡ ಭಯ್ಯಾ ಅಂದು ನಾನೇ ಕುರ್ಚಿ ಹತ್ತಿ ಟೀಯನ್ನು ಅದರ ಜಾಗಕ್ಕೆ ಒತ್ತಿದೆ. ಅದನ್ನು ತೊಳೆಯಲಿಲ್ಲ. ಕೆಳಗಿಳಿದು ಒಂದು ಫೋಟೋ ತೆಗೆದು ಅವರ ಹಳೆಯ ನಂಬರಿಗೆ ಕಳಿಸಿದೆ. ತಲುಪಿದ್ದರೆ ಎರಡು ಗೀಟು ಬರಬೇಕು, ಒಂದೇ ಬಂತು. ಸಂಜೆ ನೋಡಿದರೂ ಒಂದೇ, ಈ ಬೆಳಗ್ಗೆಯೂ ಒಂದೇ. ಇನ್ನೊಮ್ಮೆ ಕಳಿಸೋಣ ಅಂತ ಫೋನು ತೆಗೆದವನು, ಗಲ್ಲಾದ ಪಕ್ಕದ ಖಾಲಿ ಕುರ್ಚಿ ಕಣ್ಣಿಗೆ ಬಿದ್ದು, ಹಾಗೆಯೇ ಇಟ್ಟೆ.